ಅಪ್ಪನ ಕಡೆಯ ಸ್ತನ ಕ್ಯಾನ್ಸರ್ ಮಗಳಿಗೆ ಬರುತ್ತದಾ? ಜೀನ್ ಪರೀಕ್ಷೆ ಮಾಡಿಸಿದವರು ಅನುಭವ ಹೇಳಿ

ಕೇಳಿದವರು: ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದಿಂದ, 31 ವರ್ಷದ ಮಹಿಳೆ

ನನ್ನ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, 2005ರಲ್ಲಿ ಎಡಗಡೆ ಸ್ತನದ ಕ್ಯಾನ್ಸರ್ ಆಗಿತ್ತು. ಆಗ ಅವರಿಗೆ 47 ವರ್ಷ. ಆಪರೇಶನ್, ಕೀಮೋ ಎಲ್ಲ ಮುಗಿದು ಇಷ್ಟು ವರ್ಷ ಹುಷಾರಾಗಿದ್ದರು. ಈಗ ಬಲಗಡೆ ಬಂದಿದೆ. ಹಳೆಯದು ಹರಡಿದ್ದಲ್ಲ, ಇದು ಹೊಸತೇ ಅಂತ ಮಂಗಳೂರಿನ ಡಾಕ್ಟ್ರು ಹೇಳಿದ್ದಾರೆ. ಅಪ್ಪನ ಅಮ್ಮ 1975ರಲ್ಲಿ, 44 ವರ್ಷಕ್ಕೇ ತೀರಿಕೊಂಡವರು. ಹೊಟ್ಟೆಯಲ್ಲಿ ಗಡ್ಡೆ ಬೆಳೆದು ನೀರು ತುಂಬಿತ್ತಂತೆ. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ. ಅಪ್ಪನಿಗೆ 63, ಏನೂ ತೊಂದರೆ ಇಲ್ಲ.

ಅತ್ತೆಗೆ ಜೀನ್ ಪರೀಕ್ಷೆ ಮಾಡಿಸಿ ಅಂತ ಡಾಕ್ಟ್ರು ಬರೆದುಕೊಟ್ಟಿದ್ದಾರೆ. ಭಾವ, ಅಂದರೆ ಅತ್ತೆಯ ಮಗ, ಒಪ್ಪುತ್ತಾ ಇಲ್ಲ. ಅತ್ತೆಯ ಮೊಮ್ಮಗಳಿಗೆ, ಅಂದರೆ ನನ್ನ ಅತ್ತಿಗೆಯ ಮಗಳಿಗೆ, ಮದುವೆ ಮಾತುಕತೆ ನಡೀತಾ ಉಂಟು, ಈ ಸಮಯದಲ್ಲಿ ಇದೆಲ್ಲ ಬೇಡ ಅಂತ. ಇತ್ತ ಅಮ್ಮನ ಮನೆಯಲ್ಲಿ ಕೇಳಿದರೆ "ನೀನು ನಮ್ಮ ಬಳಿಯವಳು, ಅಪ್ಪನ ತರವಾಡಿನ ಕಾಯಿಲೆ ನಿನಗೆ ಹೇಗೆ ಬರ್ತದೆ?" ಅಂತಾರೆ. (ಬಳಿ ಅಂದರೆ ಅಮ್ಮನ ಕಡೆಯಿಂದ ಎಣಿಸುವ ಕುಲ, ತರವಾಡು ಅಂದರೆ ಮೂಲ ಮನೆತನ.) ನನಗೆ ಒಬ್ಬಳು ಸಣ್ಣ ಮಗಳಿದ್ದಾಳೆ. ಅಪ್ಪನಿಂದ ಇದು ಬರುತ್ತದಾ? ಅತ್ತೆ ಮಾಡಿಸದಿದ್ದರೆ ನಾನೊಬ್ಬಳೇ ಮಾಡಿಸಬಹುದಾ? ಉಂಟು ಅಂತ ಬಂದರೆ ಮುಂದೆ ಎಂತ ಮಾಡುವುದು? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಕುಂಬಳೆಯಿಂದ, ನಿವೃತ್ತ ಶಿಕ್ಷಕಿ

ತಂಗೀ, ಅಪ್ಪನಿಂದ ಬರುತ್ತದೆ. ನನಗೆ ಬಂದದ್ದೇ ಹಾಗೆ.

ನಮ್ಮದೂ ಅಳಿಯಸಂತಾನದ ಮನೆ. ಬಳಿ, ಆಸ್ತಿ, ದೈವದ ಕಟ್ಟುಕಟ್ಟಳೆ ಎಲ್ಲವನ್ನೂ ಅಮ್ಮನ ಕಡೆಯಿಂದ ಎಣಿಸಿಯೇ ಅಭ್ಯಾಸ. ಕಾಯಿಲೆಯ ವಿಚಾರ ಬಂದಾಗಲೂ ಅದೇ ಲೆಕ್ಕ ಬಾಯಿಗೆ ಬರುತ್ತದೆ. ಶರೀರಕ್ಕೆ ಆ ಲೆಕ್ಕ ಗೊತ್ತಿಲ್ಲ. ಪ್ರತಿ ಜೀನಿನ ಒಂದು ಪ್ರತಿ ಅಮ್ಮನದು, ಒಂದು ಪ್ರತಿ ಅಪ್ಪನದು. ಅಪ್ಪನಲ್ಲಿ ದೋಷ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಮಗ, ಮಗಳು ಅಂತ ಭೇದ ಇಲ್ಲ.

ನನಗೆ 43ರಲ್ಲಿ ಗಂಟು ಸಿಕ್ಕಿತು. ನೋವು ಸ್ವಲ್ಪವೂ ಇರಲಿಲ್ಲ. ಬಯಾಪ್ಸಿಯಲ್ಲಿ ಟ್ರಿಪಲ್ ನೆಗೆಟಿವ್ ಅಂತ ಬಂತು. ಈಸ್ಟ್ರೋಜನ್, ಪ್ರೊಜೆಸ್ಟರಾನ್, ಹರ್-2 ಈ ಮೂರರ ಗುರುತೂ ಇಲ್ಲದ ಜಾತಿ ಅದು. ಸಣ್ಣ ವಯಸ್ಸಿನಲ್ಲಿ ಈ ಜಾತಿಯದ್ದು ಬಂದರೆ ಬಿಆರ್‌ಸಿಎ 1 ಜೀನನ್ನು ನೋಡಲೇಬೇಕು ಅಂತ ಡಾಕ್ಟ್ರು ಹೇಳಿದರು. ನೋಡಿದಾಗ ಅಲ್ಲೇ ದೋಷ ಸಿಕ್ಕಿತು. ಎಲ್ಲಿಂದ ಬಂತು ಅಂತ ಅಮ್ಮನ ಕಡೆ ಕೇಳಿಕೊಂಡು ಹೋದರೆ ಒಬ್ಬರಿಗೂ ಇಲ್ಲ. ಅಪ್ಪನಿಗೆ ಅಕ್ಕತಂಗಿಯರೇ ಇಲ್ಲ, ಬರೀ ಅಣ್ಣತಮ್ಮಂದಿರು. ಗಂಡಸರೇ ತುಂಬಿದ ಮನೆಯಲ್ಲಿ ಈ ದೋಷ ಇದ್ದರೂ ಎರಡು ತಲೆಮಾರು ಸುದ್ದಿಯಿಲ್ಲದೆ ಕೂತಿರುತ್ತದೆ. ಕೊನೆಗೆ ಮಂಗಲ್ಪಾಡಿಯಲ್ಲಿದ್ದ ಒಬ್ಬರು ವಯಸ್ಸಾದ ದೊಡ್ಡಮ್ಮ ನೆನಪು ಮಾಡಿಕೊಂಡು ಹೇಳಿದರು: ಅಪ್ಪನ ಅಮ್ಮನ ತಂಗಿಯರಲ್ಲಿ ಇಬ್ಬರು ಎದೆಯ ಹುಣ್ಣಿನಿಂದಲೇ ಹೋದವರು.

ನಿಮ್ಮ ಅಜ್ಜಿಯ ಹೊಟ್ಟೆಯ ಗಡ್ಡೆ, ನೀರು ಓದಿದ ಕೂಡಲೇ ನನಗೆ ಅಂಡಾಶಯದ ನೆನಪಾಯಿತು. ಹೌದೋ ಅಲ್ಲವೋ ಈಗ ಹೇಳಲಿಕ್ಕಾಗುವುದಿಲ್ಲ. ಆದರೆ ಡಾಕ್ಟ್ರಿಗೆ ಆ ಮಾತನ್ನು ಹಾಗೆಯೇ ಹೇಳಿ. ಸ್ತನದ ಕ್ಯಾನ್ಸರೂ ಅಂಡಾಶಯದ ಕ್ಯಾನ್ಸರೂ ಒಂದೇ ಕುಟುಂಬದಲ್ಲಿ ಕಂಡರೆ ಅವರು ಕಿವಿ ನಿಮಿರಿಸಿ ಕೇಳುತ್ತಾರೆ.

ಇನ್ನೊಂದು ಮಾತು. ನೀವು ನಿಮ್ಮ ಬಗ್ಗೆ, ಮಗಳ ಬಗ್ಗೆ ಕೇಳಿದಿರಿ. ನನಗೆ ನಿಮಗಿಂತ ಹೆಚ್ಚು ಚಿಂತೆಯಾದದ್ದು ನಿಮ್ಮ ಅತ್ತಿಗೆಯದ್ದು. ಅತ್ತೆಯ ಸ್ವಂತ ಮಗಳು ಅವರು. ಮದುವೆಗೆ ಬಂದ ಮಗಳಿದ್ದಾಳೆ ಅಂದರೆ ನಲವತ್ತು ದಾಟಿರಬೇಕು. ಅತ್ತೆಯಲ್ಲಿ ದೋಷ ಇದ್ದರೆ ಅವರಿಗೆ ಅರ್ಧಕ್ಕರ್ಧ, ನಿಮಗೆ ಕಾಲು ಭಾಗ. ಅವರನ್ನು ಯಾರಾದರೂ ಕೇಳಿದ್ದಾರಾ?

ಹೊಸಂಗಡಿಯಿಂದ, ಮಂಗಳೂರಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ವಿಭಾಗದ ನರ್ಸ್

ಟೀಚರ್ ಹೇಳಿದ್ದು ಸರಿ. ಅತ್ತಿಗೆಯ ಮಾತು ಯಾರಾದರೂ ಎತ್ತಲಿ ಅಂತ ನಾನೂ ಕಾಯ್ತಾ ಇದ್ದೆ.

ನೀವೊಬ್ಬರೇ ಮಾಡಿಸಬಹುದಾ ಅಂತ ಕೇಳಿದಿರಿ. ಮಾಡಿಸಬಹುದು, ಆದರೆ ಅದರಿಂದ ಸಿಗುವ ಉತ್ತರ ಅರೆಬರೆ. ಯಾರಿಗೆ ಕಾಯಿಲೆ ಬಂದಿದೆಯೋ ಅವರ ರಕ್ತವನ್ನೇ ಮೊದಲು ನೋಡಬೇಕು. ಅತ್ತೆಯಲ್ಲಿ ಇಂಥದ್ದೇ ಜೀನಿನ ಇಂಥದ್ದೇ ಜಾಗದಲ್ಲಿ ದೋಷ ಅಂತ ಗೊತ್ತಾದರೆ, ಆಮೇಲೆ ಮನೆಯವರಲ್ಲಿ ಆ ಒಂದು ಜಾಗವನ್ನು ಮಾತ್ರ ನೋಡಿದರೆ ಸಾಕು. ಖರ್ಚೂ ತುಂಬ ಕಡಿಮೆ, ಉತ್ತರವೂ ಖಚಿತ. ಅತ್ತೆಯ ನಂತರ ನಿಮ್ಮ ಅಪ್ಪ ಮಾಡಿಸಲಿ. ಅಪ್ಪನಲ್ಲಿ ಇಲ್ಲ ಅಂತಾದರೆ ನಿಮಗೆ, ನಿಮ್ಮ ಒಡಹುಟ್ಟಿದವರಿಗೆ, ನಿಮ್ಮ ಮಗಳಿಗೆ ಆ ದಾರಿಯಿಂದ ಬರುವ ಪ್ರಶ್ನೆಯೇ ಇಲ್ಲ. ಅತ್ತೆಯದ್ದು ನೋಡದೆ ನಿಮ್ಮದು ಮಾತ್ರ ನೋಡಿ "ಏನೂ ಇಲ್ಲ" ಅಂತ ಬಂದರೆ ಎರಡು ಅರ್ಥ ಆಗಬಹುದು: ಅತ್ತೆಯ ದೋಷ ನಿಮಗೆ ಬಂದಿಲ್ಲ, ಅಥವಾ ನಿಮ್ಮ ಕುಟುಂಬದ ದೋಷ ಈ ಪರೀಕ್ಷೆಗೆ ಸಿಗುವಂಥದ್ದೇ ಅಲ್ಲ. ಯಾವುದು ಅಂತ ಹೇಳುವವರು ಯಾರೂ ಇರುವುದಿಲ್ಲ.

ಈ ಜೀನ್‌ಗಳ ಕೆಲಸ ಎಂತದು ಅಂತ ರೋಗಿಗಳ ಮನೆಯವರು ಕೇಳುವಾಗ ನಾನು ಹಂಚಿನ ಮಾಡಿನ ಲೆಕ್ಕದಲ್ಲಿ ಹೇಳುತ್ತೇನೆ. ಜೀವಕೋಶದೊಳಗಿನ ಡಿಎನ್‌ಎ ದಿನವೂ ಅಲ್ಲಲ್ಲಿ ಮುರಿಯುತ್ತಾ ಇರುತ್ತದೆ, ಗಾಳಿಮಳೆಗೆ ಹಂಚು ಒಡೆದ ಹಾಗೆ. ಬಿಆರ್‌ಸಿಎ 1, ಬಿಆರ್‌ಸಿಎ 2 ಅದನ್ನು ಸರಿಮಾಡುವ ಕೆಲಸದವರು. ಪ್ರತಿ ಕೋಶದಲ್ಲೂ ಇಬ್ಬಿಬ್ಬರು, ಅಪ್ಪನ ಕಡೆಯವ ಒಬ್ಬ, ಅಮ್ಮನ ಕಡೆಯವ ಒಬ್ಬ. ದೋಷ ಹೊತ್ತು ಹುಟ್ಟಿದವರಲ್ಲಿ ಶುರುವಿನಿಂದಲೇ ಒಬ್ಬನೇ. ಒಬ್ಬ ಇದ್ದರೂ ಮನೆ ನಡೆಯುತ್ತದೆ. ಯಾವುದೋ ಒಂದು ಕೋಶದಲ್ಲಿ ಅವನೂ ಕೈಬಿಟ್ಟನೋ, ಅಲ್ಲಿ ತಪ್ಪು ಮೇಲೆ ತಪ್ಪು ಸೇರಿ ಕ್ಯಾನ್ಸರ್ ಶುರುವಾಗುತ್ತದೆ. ಹಾಗಾಗಿ ನಮಗೆ ಪಿತ್ರಾರ್ಜಿತವಾಗಿ ಬರುವುದು ಕ್ಯಾನ್ಸರ್ ಅಲ್ಲ, ಹೆಚ್ಚಿದ ಅಪಾಯ. ದೋಷ ಇದ್ದೂ ಎಂಬತ್ತು ವರ್ಷ ಆರಾಮವಾಗಿ ಬದುಕುವವರಿದ್ದಾರೆ.

ಎಷ್ಟು ಅಪಾಯ ಅಂದರೆ, 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ 1 ದೋಷ ಇದ್ದವರಲ್ಲಿ ಶೇಕಡಾ 72, ಬಿಆರ್‌ಸಿಎ 2 ಇದ್ದವರಲ್ಲಿ ಶೇಕಡಾ 69. ಅಂಡಾಶಯದ್ದು ಶೇಕಡಾ 44 ಮತ್ತು 17. ಒಂದು ಸ್ತನದಲ್ಲಿ ಬಂದ ಮೇಲೆ 20 ವರ್ಷದೊಳಗೆ ಇನ್ನೊಂದರಲ್ಲೂ ಬರುವುದು ಶೇಕಡಾ 40 ಮತ್ತು 26. ನಿಮ್ಮ ಅತ್ತೆಗೆ ಎರಡನೇ ಕಡೆ ಹೊಸತಾಗಿ ಬಂದದ್ದನ್ನು ಡಾಕ್ಟ್ರು ಗಂಭೀರವಾಗಿ ತೆಗೆದುಕೊಂಡದ್ದು ಇದಕ್ಕೇ. ಈ ಅಂಕಿಗಳೆಲ್ಲ ಹೆಚ್ಚಾಗಿ ಪಾಶ್ಚಾತ್ಯ ಕುಟುಂಬಗಳಿಂದ ಬಂದವು. ನಿಮ್ಮ ಮನೆಗೆ ಅಳತೆ ಮಾಡಿ ಹೊಲಿದವು ಅಂತ ತಿಳಿಯಬೇಡಿ.

ಹೆದರಿದವರಿಗೆ ಇನ್ನೊಂದು ಮಾತು: ಸ್ತನ ಕ್ಯಾನ್ಸರ್ ಬಂದ ಎಲ್ಲರ ಲೆಕ್ಕ ತೆಗೆದರೆ ಇಂಥ ಹುಟ್ಟು ದೋಷದಿಂದ ಬಂದದ್ದು ಶೇಕಡಾ 5ರಿಂದ 10 ಮಾತ್ರ. ಅಕ್ಕನಿಗೋ ಅಮ್ಮನಿಗೋ ಎಪ್ಪತ್ತರ ವಯಸ್ಸಿನಲ್ಲಿ ಬಂತು ಅಂತ ಮನೆಮಂದಿ ಎಲ್ಲ ಲ್ಯಾಬಿಗೆ ಓಡಬೇಕಾಗಿಲ್ಲ. ಸಣ್ಣ ವಯಸ್ಸು, ಎರಡೂ ಕಡೆ, ಟ್ರಿಪಲ್ ನೆಗೆಟಿವ್, ಗಂಡಸರಲ್ಲಿ ಸ್ತನ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್, ಒಂದೇ ಕಡೆಯಲ್ಲಿ ಹಲವರು. ಇವು ಕಂಡಾಗ ಕೇಳಬೇಕು. ನಿಮ್ಮ ಮನೆಯಲ್ಲಿ ಕಂಡಿವೆ.

ಎಣ್ಮಕಜೆಯಿಂದ, ಕೃಷಿಕ

ನಾನು ಡಾಕ್ಟ್ರೂ ಅಲ್ಲ, ಪರೀಕ್ಷೆ ಮಾಡಿಸಿದವನೂ ಅಲ್ಲ. ಪೆರ್ಲ ಅಂತ ಓದಿ ಬರೆಯುತ್ತಿದ್ದೇನೆ. ನಮ್ಮ ಕಡೆ ಯಾರಿಗೆ ಕ್ಯಾನ್ಸರ್ ಬಂದರೂ ಎಂಡೋಸಲ್ಫಾನ್ ಕೀಟನಾಶಕ ಅಂತಲೇ ಮೊದಲು ಬಾಯಿಗೆ ಬರುವುದು. ಹೆಲಿಕಾಪ್ಟರ್ ತಲೆ ಮೇಲೆ ಹಾರಿ ಗೇರು ತೋಟಕ್ಕೆ ಮದ್ದು ಸಿಂಪಡಿಸುವುದನ್ನು ಕಂಡೇ ನಾವು ದೊಡ್ಡವರಾದದ್ದು. ತೋಡಿನ ನೀರು ಕುಡಿದವರು ನಾವು. ಆ ವಿಷದಿಂದ ಊನವಾದ ಮಕ್ಕಳನ್ನು ಇವತ್ತಿಗೂ ಎತ್ತಿಕೊಂಡು ಓಡಾಡುವ ತಾಯಂದಿರು ನನ್ನ ನೆರೆಯಲ್ಲಿದ್ದಾರೆ. ಹಾಗಿರುವಾಗ ಇದು ಜೀನಿನದ್ದು, ಅದು ವಿಷದ್ದು ಅಂತ ಹೇಗೆ ಬೇರೆ ಮಾಡುವುದು? ವಿಷದ ಪಾಪವನ್ನು ನಮ್ಮ ರಕ್ತದ ಮೇಲೆ ಹಾಕಿ ಕೈತೊಳೆದುಕೊಳ್ಳಲಿಕ್ಕೆ ಇದು ದಾರಿಯಾಗಬಾರದು ಅಂತ ನನ್ನ ಚಿಂತೆ.

ಹೊಸಂಗಡಿಯ ನರ್ಸ್

ಅಣ್ಣ, ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಆ ನೋವನ್ನು ಯಾವ ಲ್ಯಾಬ್ ರಿಪೋರ್ಟೂ ಸಣ್ಣದು ಮಾಡಬಾರದು. ಆದರೆ ಎರಡನ್ನೂ ಬೇರೆ ಮಾಡಿ ನೋಡಲಿಕ್ಕೆ ಸಾಧ್ಯ ಉಂಟು. ಹೊಗೆ, ವಿಕಿರಣ, ರಾಸಾಯನಿಕ ಯಾವುದೇ ಆಗಲಿ, ಆಯುಷ್ಯದಲ್ಲಿ ಆಗುವ ಹಾನಿ ಆಯಾ ಅಂಗದ ಕೋಶಗಳಲ್ಲಿ ಅಲ್ಲಲ್ಲಿ ಆಗುತ್ತದೆ. ಹುಟ್ಟಿನಿಂದ ಬಂದ ದೋಷ ಮೈಯ ಎಲ್ಲ ಕೋಶಗಳಲ್ಲೂ ಒಂದೇ ಜಾಗದಲ್ಲಿರುತ್ತದೆ. ಹಾಗಾಗಿಯೇ ಎದೆಯ ಕಾಯಿಲೆಗೆ ಕೈಯ ರಕ್ತ ತೆಗೆದು ನೋಡಿದರೆ ಸಾಕಾಗುವುದು. ಅತ್ತೆಯಲ್ಲಿರುವ ದೋಷವೇ, ಅಕ್ಷರ ತಪ್ಪದೆ, ತಮ್ಮನಲ್ಲೂ ತಮ್ಮನ ಮಗಳಲ್ಲೂ ಸಿಕ್ಕಿದರೆ ಅದು ಹಿರಿಯರಿಂದಲೇ ಇಳಿದು ಬಂದದ್ದು.

ಈ ತಂಗಿಯ ಅಜ್ಜಿ 1975ರಲ್ಲೇ ಹೋದವರು. ನಮ್ಮ ಗುಡ್ಡಗಳಲ್ಲಿ ಸಿಂಪಡಣೆ ಶುರುವಾದದ್ದು ಎಪ್ಪತ್ತರ ದಶಕದ ಕೊನೆಗೆ, ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ನಿಷೇಧಿಸಿದ್ದು 2011ರಲ್ಲಿ. ಅಜ್ಜಿಯದ್ದನ್ನು ಅದಕ್ಕೆ ಸೇರಿಸಲಿಕ್ಕಾಗುವುದಿಲ್ಲ. ಜೀನ್ ದೋಷ ಸಿಕ್ಕಿತು ಅಂತ ಊರಿನ ಉಳಿದವರ ನ್ಯಾಯದ ಪ್ರಶ್ನೆ ಮುಗಿಯುವುದೂ ಇಲ್ಲ. ನನಗೆ ಭಯ ಇರುವುದು ಬೇರೆ ಕಡೆ. ಎಲ್ಲವೂ ವಿಷದ್ದೇ ಅಂತ ಕೂತರೆ, ವಿಷ ನಿಂತ ಮೇಲೆ ಹುಟ್ಟಿದ ಹುಡುಗಿಯರು ತಮಗೆ ಅಪಾಯ ಇಲ್ಲ ಅಂತ ನಂಬಿಬಿಡುತ್ತಾರೆ.

ಮಂಜೇಶ್ವರದಿಂದ, 52 ವರ್ಷ, ವ್ಯಾಪಾರಿ

ಇಲ್ಲಿ ಗಂಡಸರು ಬರೆಯುವುದು ಕಡಿಮೆ, ಆದ್ದರಿಂದ ನಾನು ಬರೆಯಲೇಬೇಕು. ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಬಂದು ಬಿಆರ್‌ಸಿಎ 2 ದೋಷ ಅಂತಾಯಿತು. ನಾನೂ ಮಾಡಿಸಿದೆ. ನನ್ನಲ್ಲೂ ಉಂಟು. ಲ್ಯಾಬಿನಲ್ಲಿ ರಕ್ತ ಕೊಡಲಿಕ್ಕೆ ಕೂತಾಗ ಪಕ್ಕದವರು ನನ್ನನ್ನೂ ನನ್ನ ಚೀಟಿಯನ್ನೂ ಎರಡೆರಡು ಸಲ ನೋಡಿದರು. ನೋಡಲಿ.

ಗಂಡಸಿಗೆ ಇದು ಬರೀ ಮಕ್ಕಳಿಗೆ ದಾಟಿಸುವ ವಿಷಯ ಅಲ್ಲ. ಬಿಆರ್‌ಸಿಎ 2 ಇರುವ ಗಂಡಸರಲ್ಲಿ ನೂರಕ್ಕೆ ಸುಮಾರು ಏಳು ಜನಕ್ಕೆ ಆಯುಷ್ಯದಲ್ಲಿ ಸ್ತನ ಕ್ಯಾನ್ಸರ್ ಬರುವುದುಂಟು, ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವೂ ಹೆಚ್ಚು, ಮೇದೋಜೀರಕದ್ದೂ ಸ್ವಲ್ಪ ಹೆಚ್ಚು. ನನಗೆ ಪ್ರಾಸ್ಟೇಟ್ ನೋಡಲಿಕ್ಕೆ ಪ್ರತಿವರ್ಷ ಪಿಎಸ್‌ಎ ರಕ್ತಪರೀಕ್ಷೆ ಹೇಳಿದ್ದಾರೆ. ಸ್ನಾನದ ಹೊತ್ತಿಗೆ ಎದೆ ಮುಟ್ಟಿ ನೋಡುತ್ತೇನೆ. ನಿಮ್ಮ ಅಪ್ಪನಿಗೂ ಭಾವನಿಗೂ ಇದನ್ನು ಹೇಳಿ. ಭಾವ ಮದುವೆಯ ಚಿಂತೆಯಲ್ಲಿದ್ದಾರೆ, ತನ್ನ ಮೈಯ ಚಿಂತೆಯೂ ಇದರಲ್ಲಿ ಉಂಟು ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.

ಮದುವೆ ವಿಷಯ. ಅಕ್ಕನ ಮಗಳಿಗೆ ಸಂಬಂಧ ನೋಡುವಾಗ ನಮ್ಮ ಮನೆಯಲ್ಲೂ ಇದೇ ಜಗಳ. ಅಕ್ಕ ಮುಚ್ಚಿಡಲಿಕ್ಕೆ ಒಪ್ಪಲಿಲ್ಲ. ಹುಡುಗ ಹುಡುಗಿ ಇಬ್ಬರೇ ಮಾತಾಡುವಾಗ ಅವಳೇ ಹೇಳಿದಳು. ಒಂದು ಸಂಬಂಧ ಅಲ್ಲಿಗೇ ನಿಂತಿತು, ಸುಳ್ಳು ಹೇಳುವುದಿಲ್ಲ, ಮನೆಯಲ್ಲಿ ಆ ವಾರ ಯಾರೂ ಸರಿಯಾಗಿ ಉಣ್ಣಲಿಲ್ಲ. ಮುಂದೆ ಬಂದ ಹುಡುಗ "ಪರೀಕ್ಷೆ ಮಾಡಿಸಿ ಎಚ್ಚರದಲ್ಲಿದ್ದೀರಲ್ಲ, ಗೊತ್ತಿಲ್ಲದವರಿಗಿಂತ ಮೇಲು" ಅಂದ. ಈಗ ಅವಳಿಗೆ ಮಗು ಉಂಟು. ಎಲ್ಲರಿಗೂ ಹೀಗೆ ಆಗುತ್ತದೆ ಅಂತ ನಾನು ಹೇಳಲಾರೆ. ಆದರೆ ಒಂದು ವಿಷಯದಲ್ಲಿ ನನಗೆ ಸಂಶಯ ಇಲ್ಲ: ಹೊರಗಿನವರಿಗೆ ಹೇಳುವುದು ಬಿಡುವುದು ಆಮೇಲಿನ ಮಾತು, ರಕ್ತಸಂಬಂಧಿಗಳಿಂದ ಮುಚ್ಚಿಡಬಾರದು. ರಿಪೋರ್ಟ್ ಆಸ್ಪತ್ರೆಯವರು ಬೇರೆ ಯಾರಿಗೂ ಕೊಡುವುದಿಲ್ಲ. ಮದುವೆ ಚಪ್ಪರದಲ್ಲಿ ಯಾರೂ ಓದಿ ಹೇಳುವುದಿಲ್ಲ.

ನನ್ನ ಮಗಳಿಗೆ ಹತ್ತೊಂಬತ್ತು. ಅವಳಿಗೆ ವಿಷಯ ಗೊತ್ತುಂಟು, ಪರೀಕ್ಷೆ ಈಗಲೇ ಬೇಡ ಅಂದಿದ್ದಾರೆ. ಇಪ್ಪತ್ತೈದರ ಹೊತ್ತಿಗೆ, ಅವಳಿಗೆ ಬೇಕು ಅನ್ನಿಸಿದಾಗ ಅವಳೇ ತೀರ್ಮಾನ ಮಾಡಲಿ. ನಿಮ್ಮ ಸಣ್ಣ ಮಗಳ ಬಗ್ಗೆ ಈಗ ಏನೂ ಮಾಡಲಿಕ್ಕಿಲ್ಲ. ಮಕ್ಕಳಿಗೆ ಈ ಪರೀಕ್ಷೆ ಮಾಡುವ ಕ್ರಮವೇ ಇಲ್ಲ.

ಪೆರಿಯದಿಂದ, ಜೀನೋಮ್ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿ

ಅಕ್ಕಾ, ನಮ್ಮ ಪಾಠದಲ್ಲಿ ಬಂದದ್ದನ್ನು ಸ್ವಲ್ಪ ಸೇರಿಸುತ್ತೇನೆ. 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ಎಂಬ ವಿಜ್ಞಾನಿ ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡ ಕುಟುಂಬಗಳ ವಂಶವೃಕ್ಷಗಳನ್ನು ಕೂಡಿಸಿ, ಕಾರಣವಾದ ಜೀನ್ 17ನೇ ಕ್ರೋಮೋಸೋಮಿನಲ್ಲಿದೆ ಅಂತ ತೋರಿಸಿದರು. ಆಗ ಬಹಳ ಜನ ಇಂಥ ಸಂಕೀರ್ಣ ಕಾಯಿಲೆಗೆ ಒಂದು ಜೀನ್ ಕಾರಣ ಆಗಬಹುದು ಅಂತ ನಂಬಿರಲಿಲ್ಲ. 1994ರಲ್ಲಿ ಬಿಆರ್‌ಸಿಎ 1 ಕೈಗೆ ಸಿಕ್ಕಿತು, ಮರುವರ್ಷ 13ನೇ ಕ್ರೋಮೋಸೋಮಿನಲ್ಲಿ ಬಿಆರ್‌ಸಿಎ 2. ಒಂದು ಕಂಪನಿ ಈ ಜೀನ್‌ಗಳ ಮೇಲೆ ಪೇಟೆಂಟ್ ಇಟ್ಟುಕೊಂಡಿತ್ತು. ಪ್ರಕೃತಿಯಲ್ಲಿ ಇರುವ ಜೀನನ್ನು ಯಾರೂ ಪೇಟೆಂಟ್ ಮಾಡಲಿಕ್ಕಾಗದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿತು. ಆಂಜೆಲಿನಾ ಜೋಲಿ ತನ್ನ ಬಿಆರ್‌ಸಿಎ 1 ದೋಷದ ಬಗ್ಗೆ, ಎರಡೂ ಸ್ತನ ತೆಗೆಸಿಕೊಂಡ ಬಗ್ಗೆ ಬಹಿರಂಗವಾಗಿ ಬರೆದದ್ದೂ ಅದೇ ವರ್ಷ.

ಇವೆರಡು ಮಾತ್ರ ಅಲ್ಲ. ಪಾಲ್ಬಿ 2 ಎಂಬ ಜೀನಿನ ದೋಷವೂ ಹೆಚ್ಚಿನ ಅಪಾಯದ್ದೇ, ಆಯುಷ್ಯದಲ್ಲಿ ಶೇಕಡಾ 50ರ ಆಸುಪಾಸು. ಚೆಕ್ 2, ಎಟಿಎಂ ಎಂಬವು ಮಧ್ಯಮ. ಟಿಪಿ 53 ಅಪರೂಪ, ಆದರೆ ಇದ್ದವರಿಗೆ ತುಂಬ ಸಣ್ಣ ವಯಸ್ಸಿನಲ್ಲೇ ಬರುತ್ತದೆ, ಅವರಿಗೆ ವಿಕಿರಣ ಚಿಕಿತ್ಸೆ ಕೊಡುವಾಗ ಎರಡು ಸಲ ಯೋಚಿಸಬೇಕು. ಅದಕ್ಕೇ ಈಗ ಹಲವು ಜೀನ್‌ಗಳನ್ನು ಒಟ್ಟಿಗೆ ನೋಡುವ ಪ್ಯಾನೆಲ್ ಪರೀಕ್ಷೆ ಮಾಡುತ್ತಾರೆ.

ಇವಲ್ಲದೆ ಒಂದೊಂದೇ ತೆಗೆದುಕೊಂಡರೆ ಏನೂ ಅಲ್ಲ ಅನ್ನಿಸುವ ನೂರಾರು ಸಣ್ಣ ವ್ಯತ್ಯಾಸಗಳಿವೆ. ಎಲ್ಲ ಕೂಡಿದರೆ ಅಪಾಯ ಸ್ವಲ್ಪ ಮೇಲೆ ಕೆಳಗೆ ಆಗುತ್ತದೆ. 2019ರಲ್ಲಿ ಇಂಥ 313 ವ್ಯತ್ಯಾಸಗಳನ್ನು ಸೇರಿಸಿ ಒಂದು ಅಂಕ ತಯಾರಿಸಿದರು. ಅದು ಯುರೋಪ್ ಮೂಲದ ಮಹಿಳೆಯರ ದತ್ತಾಂಶದ ಮೇಲೆ ಕಟ್ಟಿದ್ದು, ನಮ್ಮವರಿಗೆ ಹಾಗೆಯೇ ಹೊಂದುವುದಿಲ್ಲ. ಅಂಥ ಅಂಕ ಕೊಡುತ್ತೇವೆ ಅಂತ ಆನ್‌ಲೈನಿನಲ್ಲಿ ಉಗುಳಿನ ಕಿಟ್ ಮಾರುವವರಿಗೆ ದುಡ್ಡು ಕೊಡಬೇಡಿ. ಕೆಲವು ಕಿಟ್‌ಗಳು ಬಿಆರ್‌ಸಿಎಯ ಕೆಲವೇ ಜಾಗ ಮಾತ್ರ ನೋಡಿ ಬಿಡುತ್ತವೆ. ದೋಷ ಈ ಜೀನ್‌ಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು, ಸಾವಿರಾರು ಬಗೆ ಈಗಾಗಲೇ ಗೊತ್ತುಂಟು. ಯಹೂದಿಗಳಲ್ಲಿ ಹೆಚ್ಚಾಗಿ ಕಾಣುವ 185ಡೆಲ್‌ಎಜಿ ಎಂಬ ಬಿಆರ್‌ಸಿಎ 1 ದೋಷ ದಕ್ಷಿಣ ಭಾರತದ ಕುಟುಂಬಗಳಲ್ಲೂ ಸಿಕ್ಕಿದೆ, ಆದರೆ ಅದೊಂದನ್ನೇ ನೋಡಿದರೆ ಉಳಿದದ್ದು ತಪ್ಪಿಹೋಗುತ್ತದೆ.

ಹೊಸದುರ್ಗದಿಂದ, ಬ್ಯಾಂಕ್ ಉದ್ಯೋಗಿ

ನನ್ನ ಅನುಭವ ಬೇರೆ ತರದ್ದು, ಇದನ್ನೂ ಕೇಳಿಸಿಕೊಳ್ಳಿ. ರಿಪೋರ್ಟಿನಲ್ಲಿ ಉಂಟು, ಇಲ್ಲ ಎರಡೇ ಉತ್ತರ ಬರುವುದಲ್ಲ. ನನ್ನ ಅಮ್ಮನ ರಿಪೋರ್ಟಿನಲ್ಲಿ ಬಿಆರ್‌ಸಿಎ 2ರಲ್ಲಿ "ಅರ್ಥ ಖಚಿತವಾಗದ ವ್ಯತ್ಯಾಸ" ಅಂತ ಬಂತು. ಡಾಕ್ಟ್ರುಗಳು ವಿಯುಎಸ್ ಅನ್ನುವುದು ಇದಕ್ಕೇ. ಜೀನಿನಲ್ಲಿ ಏನೋ ಬದಲಾವಣೆ ಉಂಟು, ಅದು ಕೆಟ್ಟದ್ದೋ ನಿರುಪದ್ರವಿಯೋ ಅಂತ ಹೇಳಲಿಕ್ಕೆ ಬೇಕಾದಷ್ಟು ಪುರಾವೆ ಸೇರಿಲ್ಲ ಅಂತ ಅರ್ಥ. ನಮ್ಮಂಥ ಕಡೆಯವರ ಪರೀಕ್ಷೆ ಜಗತ್ತಿನಲ್ಲಿ ಕಡಿಮೆ ಆದದ್ದರಿಂದ ನಮಗೆ ಈ ಉತ್ತರ ಬರುವುದು ಹೆಚ್ಚು ಅಂತಲೂ ಹೇಳಿದರು.

ನನ್ನ ತಂಗಿಗೆ ನಿದ್ದೆ ಹೋಯಿತು. ಅಂಡಾಶಯ ತೆಗೆಸಿಯೇ ಬಿಡುತ್ತೇನೆ ಅಂತ ಹೊರಟಿದ್ದಳು. ಜೆನೆಟಿಕ್ ಕೌನ್ಸೆಲರ್ ಒಬ್ಬರು ಕೂರಿಸಿಕೊಂಡು ತಾಳ್ಮೆಯಿಂದ ವಿವರಿಸಿದರು: ಈ ಉತ್ತರವನ್ನು ನಂಬಿ ಯಾವ ಅಂಗವನ್ನೂ ತೆಗೆಯಬಾರದು, ಮನೆಯ ಉಳಿದವರಿಗೆ ಇದೇ ಪರೀಕ್ಷೆ ಮಾಡಿಸುವ ಅಗತ್ಯವೂ ಇಲ್ಲ, ಕುಟುಂಬದ ಇತಿಹಾಸ ನೋಡಿ ತಪಾಸಣೆ ಮಾಡಿಸುತ್ತಾ ಇದ್ದರೆ ಸಾಕು. ಕೆಲವು ವರ್ಷ ಕಳೆದ ಮೇಲೆ ಅದೇ ಲ್ಯಾಬ್ ಹೊಸ ಪತ್ರ ಕಳಿಸಿತು, ಆ ವ್ಯತ್ಯಾಸ ನಿರುಪದ್ರವಿ ಅಂತ. ಆಪರೇಶನ್ ಆಗಿದ್ದರೆ ತಂಗಿಗೆ ಮಕ್ಕಳೇ ಆಗುತ್ತಿರಲಿಲ್ಲ. ಆದ್ದರಿಂದ ಪರೀಕ್ಷೆಗೆ ಮೊದಲು ಒಮ್ಮೆ, ರಿಪೋರ್ಟ್ ಬಂದ ಮೇಲೆ ಒಮ್ಮೆ, ಕೌನ್ಸೆಲಿಂಗ್ ಬಿಡಲೇಬೇಡಿ. ನಿಮಗೆ ಯಾವ ಭಾಷೆಯಲ್ಲಿ ಅಳಲಿಕ್ಕೆ ಬರುತ್ತದೋ ಆ ಭಾಷೆಯಲ್ಲಿ ಮಾತಾಡುವವರನ್ನು ಕೇಳಿ ಪಡೆಯಿರಿ. ನಮ್ಮ ಅಮ್ಮನಿಗೆ ಮಲಯಾಳದಲ್ಲಿ ಹೇಳಿದ್ದು ಅರ್ಧ ಮಾತ್ರ ತಲೆಗೆ ಹೋಗಿತ್ತು, ಮಂಗಳೂರಿನಲ್ಲಿ ಕನ್ನಡದಲ್ಲಿ ಕೇಳಿದ ಮೇಲೆಯೇ ಸಮಾಧಾನ ಆದದ್ದು.

ಪೆರ್ಲದಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೈಮುಗಿದು ವಂದನೆ. ನಿಮ್ಮ ಉತ್ತರಗಳನ್ನು ಅಪ್ಪನಿಗೆ ಓದಿ ಹೇಳಿದೆ. ಅವರೇ ನನ್ನನ್ನು ಕರೆದುಕೊಂಡು ಅತ್ತೆಯ ಮನೆಗೆ ಹೋದರು. ಭಾವ ಏನೋ ಹೇಳಲಿಕ್ಕೆ ಶುರುಮಾಡಿದಾಗ ಅತ್ತೆ ಹೇಳಿದ್ದು: "ನನ್ನ ರಕ್ತ ತೆಗೆಯಲಿಕ್ಕೆ ನಾನು ಒಪ್ಪಿದರೆ ಸಾಕಲ್ಲವಾ? ನನಗೆ ಒಮ್ಮೆ ಬಂತು, ಎರಡನೇ ಸಲ ಬಂತು. ಮಗಳಿಗೆ ಬರುವ ಮೊದಲು ಗೊತ್ತಾಗಲಿ." ಭಾವ ಮತ್ತೆ ಮಾತಾಡಲಿಲ್ಲ. ಅತ್ತಿಗೆಗೆ 45. ಇಷ್ಟರವರೆಗೆ ಒಂದು ಮ್ಯಾಮೊಗ್ರಾಮೂ (ಸ್ತನದ ಎಕ್ಸ್‌ರೇ) ಆಗಿಲ್ಲವಂತೆ.

ಈಗ ನನ್ನ ಭಯ ಒಂದೇ. ಉಂಟು ಅಂತ ಬಂದರೆ ಎಲ್ಲ ತೆಗೆಸಲೇಬೇಕಾ?

ಕುಂಬಳೆಯ ಶಿಕ್ಷಕಿ

ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ.

ತೆಗೆಸಲೇಬೇಕು ಅಂತ ಇಲ್ಲ. ನನ್ನ ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳಿಗೆ ದೋಷ ಬಂದಿದೆ, ಸಣ್ಣವಳಿಗೆ ಬಂದಿಲ್ಲ. ದೊಡ್ಡವಳಿಗೆ 29. ವರ್ಷಕ್ಕೊಮ್ಮೆ ಎದೆಯ ಎಂಆರ್‌ಐ ಮಾಡಿಸುತ್ತಾಳೆ. ದೋಷ ಇದ್ದವರಿಗೆ 25ರಿಂದ ಎಂಆರ್‌ಐ, 30ರಿಂದ ಅದರ ಜೊತೆಗೆ ಮ್ಯಾಮೊಗ್ರಾಮ್ ಅಂತ ಕ್ರಮ. ಸಣ್ಣ ವಯಸ್ಸಿನ ಸ್ತನ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಮ್ ಒಂದರಲ್ಲೇ ಸರಿಯಾಗಿ ಕಾಣುವುದಿಲ್ಲ. ಇದು ಕ್ಯಾನ್ಸರ್ ಬರುವುದನ್ನು ತಡೆಯುವುದಿಲ್ಲ, ಬಂದರೆ ಸಣ್ಣದಿರುವಾಗಲೇ ಹಿಡಿಯುತ್ತದೆ. ಅವಳಿಗೆ ಒಂದು ಮಗು ಬೇಕು, ಹಾಲೂಡಿಸಬೇಕು ಅಂತ ಆಸೆ. ಹಾಲೂಡಿಸಲಿಕ್ಕೆ ಯಾವ ಅಡ್ಡಿಯೂ ಇಲ್ಲ ಅಂದಿದ್ದಾರೆ. ಎರಡೂ ಸ್ತನ ಮೊದಲೇ ತೆಗೆಸಿದರೆ ಅಪಾಯ ಶೇಕಡಾ 90ಕ್ಕಿಂತ ಹೆಚ್ಚು ಇಳಿಯುತ್ತದೆ ಅಂತ ಅವಳಿಗೂ ಗೊತ್ತು. ತೀರ್ಮಾನ ಅವಳದ್ದು. ನಾನು ಒಂದು ಮಾತೂ ಒತ್ತಾಯಿಸಿಲ್ಲ. ನನಗೆ ಒಂದು ಕಡೆ ಆಗಿತ್ತಾದ್ದರಿಂದ ಇನ್ನೊಂದನ್ನು ನಾನೇ ಕೇಳಿ ತೆಗೆಸಿದೆ. ಸೀರೆ ಉಡುವಾಗ ಈಗ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ. ಆದರೂ ಆರು ತಿಂಗಳಿಗೊಮ್ಮೆ ಎದೆ ಹೊಡೆದುಕೊಳ್ಳುತ್ತಾ ಲ್ಯಾಬಿನ ಹೊರಗೆ ಕೂರುವುದು ತಪ್ಪಿತಲ್ಲ, ಅದು ನನಗೆ ದೊಡ್ಡದು.

ಅಂಡಾಶಯದ ಮಾತು ಬೇರೆ. ಅಲ್ಲಿಯ ಕ್ಯಾನ್ಸರನ್ನು ಬೇಗ ಹಿಡಿಯುವ ನಂಬಿಗಸ್ತ ತಪಾಸಣೆ ಇಲ್ಲ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಮಾಡಿಸುತ್ತಾ ಇದ್ದರೂ ತಡವಾಗಿಯೇ ಗೊತ್ತಾಗುವುದು ಹೆಚ್ಚು. ಹಾಗಾಗಿ ಬಿಆರ್‌ಸಿಎ 1 ಇದ್ದವರಿಗೆ ಮಕ್ಕಳಾದ ಮೇಲೆ 35ರಿಂದ 40ರೊಳಗೆ, ಬಿಆರ್‌ಸಿಎ 2 ಇದ್ದವರಿಗೆ 40ರಿಂದ 45ರೊಳಗೆ ಅಂಡಾಶಯ, ಅಂಡನಾಳ ಎರಡನ್ನೂ ತೆಗೆಸಲಿಕ್ಕೆ ಹೇಳುತ್ತಾರೆ. ನಾನು ತೆಗೆಸಿದೆ. ಅದು ಸುಲಭ ಅಂತ ಹೇಳುವವರ ಮಾತು ಕೇಳಬೇಡಿ. ಆಪರೇಶನ್ ಸಣ್ಣದೇ, ಕೀಹೋಲ್‌ನಲ್ಲಿ ಆಯಿತು. ಆಮೇಲೆ ಒಂದೇ ಸಲಕ್ಕೆ ಮುಟ್ಟು ನಿಂತು, ನಡುರಾತ್ರಿ ಮೈಯೆಲ್ಲ ಬೆಂಕಿ ಬಿದ್ದಂತಾಗಿ ಎದ್ದು ಜಗಲಿಯಲ್ಲಿ ಕೂರುತ್ತಿದ್ದೆ. ಮನಸ್ಸೂ ಕುಗ್ಗಿತ್ತು. ಮೂಳೆ ಸವೆಯುತ್ತದೆ ಅಂತ ಕ್ಯಾಲ್ಸಿಯಂ, ನಡಿಗೆ, ಮೂಳೆ ಸಾಂದ್ರತೆಯ ಪರೀಕ್ಷೆ ಎಲ್ಲ ಶುರುವಾಯಿತು. ಇದನ್ನೆಲ್ಲ ಮೊದಲೇ ಕೇಳಿ ತಿಳಿದುಕೊಂಡು ಮಾಡಿಸಿದರೆ ತಡೆದುಕೊಳ್ಳಲಿಕ್ಕೆ ಶಕ್ತಿ ಬರುತ್ತದೆ.

ನಿಮಗೆ ಈಗ 31. ಒಂದು ವೇಳೆ ಉಂಟು ಅಂತ ಬಂದರೂ ನಾಳೆಯೇ ಮಾಡಬೇಕಾದ್ದು ಎಂಆರ್‌ಐ, ಮ್ಯಾಮೊಗ್ರಾಮ್ ಮಾತ್ರ. ಉಳಿದದ್ದಕ್ಕೆ ಯೋಚಿಸಲಿಕ್ಕೆ ಸಮಯ ಉಂಟು.

ಬದಿಯಡ್ಕದಿಂದ, ಗೃಹಿಣಿ

ಒಂದೇ ಮಾತು. ನನ್ನ ಅಕ್ಕನಿಗೆ 38ರಲ್ಲಿ, ಚಿಕ್ಕಮ್ಮನಿಗೆ 45ರಲ್ಲಿ ಬಂತು. ಅಕ್ಕನ ಪ್ಯಾನೆಲ್ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಮನೆಯವರು ಸಿಹಿ ಹಂಚಿದರು. ಡಾಕ್ಟ್ರು ಮಾತ್ರ ಹೇಳಿದರು, ಸಿಗಲಿಲ್ಲ ಅಂದರೆ ಇಲ್ಲ ಅಂತ ಅಲ್ಲ, ಇಬ್ಬರಿಗೆ ಸಣ್ಣ ವಯಸ್ಸಿನಲ್ಲಿ ಬಂದಿದೆ, ನೀವು ವರ್ಷವರ್ಷ ತಪಾಸಣೆ ಬಿಡಬಾರದು. ನಾನು ಬಿಟ್ಟಿಲ್ಲ. ನಿಮ್ಮ ಅತ್ತೆಯದ್ದು ನೆಗೆಟಿವ್ ಬಂದರೂ ಅತ್ತಿಗೆ ಬಿಡಬಾರದು.

ಹೊಸಂಗಡಿಯ ನರ್ಸ್

ಅತ್ತೆ ಒಪ್ಪಿದ್ದು ಓದಿ ತುಂಬ ಖುಷಿಯಾಯಿತು. ಅವರ ಪರೀಕ್ಷೆ ಅವರಿಗೂ ಪ್ರಯೋಜನದ್ದು, ಬರೀ ಮಕ್ಕಳಿಗೋಸ್ಕರ ಅಲ್ಲ. ದೋಷ ಸಿಕ್ಕಿದರೆ ಒಲಪಾರಿಬ್ ಎಂಬ ಮಾತ್ರೆ ಅವರಿಗೆ ಹೊಂದುತ್ತದಾ ಅಂತ ಡಾಕ್ಟ್ರು ನೋಡಬಹುದು. ದುರಸ್ತಿಯ ಒಂದು ದಾರಿ ಮೊದಲೇ ಮುಚ್ಚಿದ ಕ್ಯಾನ್ಸರ್ ಕೋಶಕ್ಕೆ ಇನ್ನೊಂದು ದಾರಿಯನ್ನೂ ಅದು ಮುಚ್ಚಿ ಸಾಯಿಸುತ್ತದೆ. ಅಪಾಯ ಹೆಚ್ಚಿದ್ದ ಬಿಆರ್‌ಸಿಎ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವುದನ್ನು ಅದು ಕಡಿಮೆ ಮಾಡಿತು ಅಂತ 2021ರ ಅಧ್ಯಯನ ಹೇಳಿತು. ಬೆಲೆ ಜಾಸ್ತಿ. ಎಲ್ಲರಿಗೂ ಬೇಕಾಗುವುದೂ ಇಲ್ಲ.

ಸೋದರಿಕೆಯಲ್ಲಿ ಮದುವೆ ಮಾಡುವ ಮನೆಗಳಿಗೆ ಒಂದು ಸೂಚನೆ, ಯಾಕೆಂದರೆ ಅತ್ತೆಯ ಮಗ, ಮಾವನ ಮಗಳು ಅಂತ ನಮ್ಮಲ್ಲಿ ಈಗಲೂ ಉಂಟು. ಗಂಡ ಹೆಂಡತಿ ಇಬ್ಬರಲ್ಲೂ ಬಿಆರ್‌ಸಿಎ 2ರ ದೋಷ ಇದ್ದರೆ ಮಗುವಿಗೆ ಎರಡೂ ಪ್ರತಿ ಕೆಟ್ಟು, ಫ್ಯಾಂಕೋನಿ ಅನೀಮಿಯಾ ಎಂಬ ರಕ್ತದ ಗಂಭೀರ ಕಾಯಿಲೆ ಬರಬಹುದು. ಅಪರೂಪ. ಆದರೂ ಈ ಮನೆಯಲ್ಲಿ ದೋಷ ಸಿಕ್ಕಿದರೆ, ಸಂಬಂಧದೊಳಗೇ ಮದುವೆ ಮಾತು ನಡೆಯುತ್ತಿದ್ದರೆ ಕೌನ್ಸೆಲರಿಗೆ ಹೇಳಿ.

ಎಲ್ಲಿಗೆ ಹೋಗುವುದು: ಅತ್ತೆಯ ಚಿಕಿತ್ಸೆ ಮಂಗಳೂರಿನಲ್ಲಿ ನಡೆಯುತ್ತಿದ್ದರೆ ಅಲ್ಲೇ ಕೇಳಿ, ರಕ್ತ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಮಣಿಪಾಲದ ಮೆಡಿಕಲ್ ಕಾಲೇಜಿನಲ್ಲಿ ವೈದ್ಯಕೀಯ ತಳಿಶಾಸ್ತ್ರದ ಪ್ರತ್ಯೇಕ ವಿಭಾಗವೇ ಉಂಟು. ಕೇರಳದೊಳಗೆ ಹೋಗುವುದಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ನಮಗೆ ಹತ್ತಿರ, ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ದುಡ್ಡಿನ ವಿಷಯದಲ್ಲಿ ಲ್ಯಾಬಿನಿಂದ ಲ್ಯಾಬಿಗೆ ತುಂಬ ವ್ಯತ್ಯಾಸ ಇರುವುದರಿಂದ ಮೊದಲೇ ಕೇಳಿಕೊಳ್ಳಿ. ಮನೆಯವರಿಗೆ ಆ ಒಂದು ಜಾಗದ ಪರೀಕ್ಷೆಯನ್ನು ರಿಯಾಯಿತಿಯಲ್ಲೋ ಉಚಿತವಾಗಿಯೋ ಮಾಡುತ್ತಾರಾ ಅಂತಲೂ ವಿಚಾರಿಸಿ. ಕೆಲವರು ಮಾಡುತ್ತಾರೆ, ಅದಕ್ಕೆ ದಿನದ ಗಡುವು ಇಟ್ಟಿರುತ್ತಾರೆ.

ಹೋಗುವಾಗ ಅತ್ತೆಯ 2005ರ ಬಯಾಪ್ಸಿ ರಿಪೋರ್ಟ್, ಈಗಿನದ್ದು ಎರಡನ್ನೂ ತನ್ನಿ. ಒಂದು ಹಾಳೆಯಲ್ಲಿ ಅಪ್ಪನ ಕಡೆ, ಅಮ್ಮನ ಕಡೆ ಎರಡನ್ನೂ ಬರೆದು ತನ್ನಿ: ಯಾರಿಗೆ, ಯಾವ ಅಂಗದಲ್ಲಿ, ಎಷ್ಟನೇ ವಯಸ್ಸಿನಲ್ಲಿ, ಗಂಡಸರನ್ನೂ ಬಿಡದೆ. ಅಜ್ಜಿಯ ಬಗ್ಗೆ ಕೇಳಲಿಕ್ಕೆ ಹಳೆಯ ಜನ ಯಾರಾದರೂ ಉಳಿದಿದ್ದರೆ ಈಗಲೇ ಕೇಳಿ. ಅತ್ತೆಗೆ ಇತ್ತೀಚೆಗೆ ರಕ್ತ ಏರಿಸಿದ್ದರೆ ಅದನ್ನೂ ತಿಳಿಸಿ.

ಮತ್ತೆ ಅತ್ತಿಗೆಯನ್ನೂ ಅದೇ ದಿನ ಜೊತೆಗೆ ಕರೆತನ್ನಿ. ಅತ್ತೆಯ ಜೀನ್ ರಿಪೋರ್ಟ್ ಬರಲಿಕ್ಕೆ ಕೆಲವು ವಾರ ಬೇಕು. 45 ವರ್ಷದ ಮಗಳ ಮ್ಯಾಮೊಗ್ರಾಮಿಗೆ ಅದನ್ನು ಕಾಯಬೇಕಾಗಿಲ್ಲ.